ನಿಂಬೆಹಣ್ಣು ಹತ್ತದ ವಿಲ್ಲಿಸ್

ಆಯುಧಪೂಜೆ ಮುಗಿದು ಮೂರು ದಿನವಾಯಿತು. ನಾನಿನ್ನೂ ಟಾರ್ಚ್ ಹಿಡಿದು ಸೋಫಾದಡಿ ಸಲಿಕೆ ಹುಡುಕುತ್ತಿದ್ದೇನೆ. ಕಿರುಬೆರಳುದ್ದದ ಸಲಿಕೆ ಅದು.

ಆ ಸಲಿಕೆ ನನ್ನ ವಿಲ್ಲಿಸ್ ಎಂಬಿ ಜೀಪಿನದು. ಎರಡನೇ ಮಹಾಯುದ್ಧದ ಜೀಪಿನ ಪುಟ್ಟ ಮಾದರಿ, ಹದಿನೆಂಟರಲ್ಲಿ ಒಂದು ಪಾಲು ಅಳತೆ. ಅಸಲಿ ಜೀಪು 11 ಅಡಿ, ಇದು ಗೇಣಿಗೂ ಕಮ್ಮಿ. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು. ಏಳೇ ಇದ್ದರೆ ಅದು ಯುದ್ಧ ಮುಗಿದ ಮೇಲೆ ಜನರಿಗೆಂದೇ ಮಾಡಿದ ಜೀಪು. ಮನೆಗೆ ಬಂದ ನೆಂಟರಿಗೆಲ್ಲ ಕಾಫಿ ಆರುವವರೆಗೂ ಇದನ್ನು ವಿವರಿಸುತ್ತೇನೆ. ವಿಲ್ಲಿಸ್, ಫೋರ್ಡ್ ಎರಡೂ ಕಂಪನಿ ಸೇರಿ ಯುದ್ಧಕಾಲದಲ್ಲಿ ಇಂಥ ಆರು ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದವು. ನನ್ನ ಮನೆಗೆ ಬಂದದ್ದು ಒಂದೇ. ಅದೂ ಹೆಂಡತಿಗೆ ಅರ್ಧ ಬೆಲೆ ಹೇಳಿ.

ಅಮ್ಮನಿಗೆ ಕೊಳೆ ಕಂಡರೆ ಆಗದು. ಯುದ್ಧದ ಜೀಪಲ್ವಾ, ಕೆಸರು ಮೆತ್ತಿರಲಿ ಅಂತ ಕಂಪನಿಯವರೇ ಚಕ್ರದ ಸುತ್ತ ಕಂದುಬಣ್ಣ ಬಳಿದಿದ್ದರು. ಅಮ್ಮ ಪಾತ್ರೆ ಸೋಪು ಹಾಕಿ ತಿಕ್ಕಿದರು. "ಅಷ್ಟು ದುಡ್ಡು ಕೊಟ್ಟು ಗಲೀಜು ಗಾಡಿ ತಂದಿದ್ದೀಯಲ್ಲೋ!"

ಹೋಗಲಿ ಅಂದುಕೊಂಡೆ. ಅಷ್ಟರಲ್ಲಿ ಆಯುಧಪೂಜೆ ಬಂತು. ನನ್ನ ಸ್ಕೂಟರಿನ ಪಕ್ಕದಲ್ಲೇ ಮಣೆಯ ಮೇಲೆ ಜೀಪು. ಬಾನೆಟ್ಟಿನ ಬಿಳಿ ನಕ್ಷತ್ರದ ಐದು ಮೂಲೆಗೂ ಅರಿಶಿನ, ನಡುವೆ ಕುಂಕುಮ. ಜೀಪು ಮುಳುಗುವಷ್ಟು ಸೇವಂತಿಗೆ.

"ಅಮ್ಮ, ಆಟಿಕೆಗೆ ಯಾರಾದ್ರೂ ಪೂಜೆ ಮಾಡ್ತಾರಾ?"

"ಆಟಿಕೆ ಅಲ್ಲ, ಮಕ್ಕಳು ಮುಟ್ಟಬಾರದು ಅಂತ ನೀನೇ ಹೇಳಿದ್ದಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಮ್ಮ ನಾಲ್ಕು ನಿಂಬೆಹಣ್ಣು ತಂದರು. ಜೀಪಿನ ಚಕ್ರ ನಾಲ್ಕು ಸೆಂಟಿಮೀಟರ್. ನಿಂಬೆಹಣ್ಣೂ ಅಷ್ಟೇ. ಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದ ಮರಳು ದಾಟಿದ ಗಾಡಿಯ ವಂಶ, ನಿಂಬೆಹಣ್ಣಿನ ಮುಂದೆ ನಿಂತುಬಿಟ್ಟಿತು. "ಒತ್ತು, ಹಣ್ಣು ಅಪ್ಪಚ್ಚಿ ಆಗ್ಬೇಕು" ಅಂದರು. ನಿಧಾನಕ್ಕೆ ಒತ್ತಿದೆ. ಹಣ್ಣಿಗೇನೂ ಆಗಲಿಲ್ಲ. "ಊಟ ಮಾಡಿಲ್ವಾ? ಜೋರಾಗಿ ಒತ್ತೋ!" ಜೋರಾಗಿ ಒತ್ತಿದೆ. ಹಣ್ಣು ಜಾರಿ ಸ್ಕೂಟರಿನಡಿ ಉರುಳಿತು, ಜೀಪು ಮಗುಚಿ ಬಿತ್ತು. ಕನ್ನಡಿ ಒಂದು ಕಡೆ, ಸಲಿಕೆ ದೇವರೇ ಬಲ್ಲ ಕಡೆ. ಅಮ್ಮ ಮಾತ್ರ ಶಾಂತವಾಗಿ, "ದೃಷ್ಟಿ ಹೋಯ್ತು ಬಿಡು" ಅಂದರು.

ಎರಡು ದಿನ ನಾನು ಮುಖ ಕೊಟ್ಟು ಮಾತಾಡಲಿಲ್ಲ.

ನಿನ್ನೆ ರಾತ್ರಿ ನೋಡಿದರೆ ಅಮ್ಮ ಕನ್ನಡಕ ಹಾಕಿಕೊಂಡು ಜೀಪನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಸಕಲೇಶಪುರದ ಕಾಫಿ ತೋಟದಲ್ಲಿ ಅಪ್ಪ ಓಡಿಸುತ್ತಿದ್ದದ್ದೂ ಇಂಥದ್ದೇ ಹಳೇ ಮಿಲಿಟರಿ ಜೀಪು. ಅದರ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನಡಿ. ಪೆಟ್ರೋಲ್ ಹಾಕಿಸಲು ಅಪ್ಪ ಇಳಿಯಲೇಬೇಕಿತ್ತು. ಆಗ ಪಕ್ಕದ ಸೀಟಿನಿಂದಲೇ ಸ್ಟಿಯರಿಂಗ್ ಹಿಡಿದುಕೊಂಡು ಕೂರೋದು ನನ್ನ ಕೆಲಸ.

"ಇದರ ಸೀಟು ಏಳಲ್ವೇನೋ? ನಿಮ್ಮಪ್ಪಂದು ಏಳ್ತಿತ್ತು" ಅಂತ ಅಮ್ಮ ಉಗುರು ಹಾಕಿ ಮೀಟುತ್ತಿದ್ದರು.

"ಅಂಟಿಸಿದ್ದಾರಮ್ಮ, ಏಳಲ್ಲ."

"ಎದ್ದಿತು ನೋಡು!"

ಹೌದು, ಎದ್ದಿತು. ಬುಡಸಮೇತ ಎದ್ದು ಅಮ್ಮನ ಕೈಗೇ ಬಂತು.