ಅಕ್ಕ ಎಲ್ಲಿ ಹೋದಳು?

'ರಿಪ್ಲೈ 1988' ಅಂತ ಒಂದು ಕೊರಿಯನ್ ಧಾರಾವಾಹಿ ಇದೆ, 2015ರಲ್ಲಿ ಶುರುವಾದದ್ದು. ಸೋಲ್ ನಗರದ ಒಂದು ಗಲ್ಲಿ, ಐದು ಕುಟುಂಬ. ಒಬ್ಬರ ಮನೆ ಅಡುಗೆ ಉಳಿದವರ ಮನೆಗೂ ಹೋಗುತ್ತದೆ. ನಮ್ಮ ವಠಾರದ ಹಾಗೇ ಅಲ್ವಾ!

ಆದರೆ ಇಂಗ್ಲಿಷ್ ಸಬ್‌ಟೈಟಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. ತಂಗಿ ಬಾಯ್ತುಂಬ 'ಒನ್ನಿ' ಅನ್ನುತ್ತಾಳೆ, ಅಂದರೆ ಅಕ್ಕ. ಕೆಳಗೆ ಮಾತ್ರ ಬರೀ ಹೆಸರು! ಹುಡುಗಿ ಅಣ್ಣನಿಗೆ 'ಒಪ್ಪಾ' ಅಂದರೂ ಅಷ್ಟೇ. ಅಕ್ಕನನ್ನು ಹೆಸರು ಹಿಡಿದು ಕರೆದಿದ್ದರೆ ನಮ್ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಆ ಸಲುಗೆ, ಆ ಗೌರವ ಎಲ್ಲ ಸುಮ್ನೆ ಅಳಿಸಿ ಹೋಗುತ್ತದೆ.

ಕನ್ನಡ ಸಬ್‌ಟೈಟಲ್ ಇದ್ದಿದ್ದರೆ 'ಅಕ್ಕ' ಅನ್ನೋ ಎರಡೇ ಅಕ್ಷರ ಸಾಕಿತ್ತು. ನಾನು ನೋಡುವ ಆ್ಯಪ್‌ನಲ್ಲಿ ಎಷ್ಟೊಂದು ಭಾಷೆಗಳಿವೆ. ಕನ್ನಡ ಯಾಕಿಲ್ಲ?