ಕಾಡು ನುಂಗಿದ ಲಿಸ್ಟರ್ ಎಂಜಿನ್ನಿಗೆ ಮೊದಲು ಹ್ಯಾಂಡಲ್ ಹಾಕಬೇಡಿ

ಕಾಡಿನಲ್ಲಿ ಬೇರು ಸುತ್ತಿದ ಹಳೇ ಲಿಸ್ಟರ್ ಎಂಜಿನ್ (ನೀರೆತ್ತುವ ಪಂಪಿನ ಡೀಸೆಲ್ ಎಂಜಿನ್) ಚಿತ್ರವೊಂದನ್ನು ಯಾರೋ ಹಾಕಿದ್ದಾರೆ, ಚೆನ್ನಾಗಿದೆ. ಆದರೆ ಅದರ ಜೊತೆ "ಡೀಸೆಲ್ ಹಾಕಿ ಹ್ಯಾಂಡಲ್ ತಿರುಗಿಸಿದರೆ ಸಾಕು, ಓಡುತ್ತದೆ" ಎಂದು ಬರೆದಿದ್ದು ತಪ್ಪು. 6 ಎಚ್‌ಪಿ, 650 ಆರ್‌ಪಿಎಂನ (ನಿಮಿಷಕ್ಕೆ 650 ಸುತ್ತು) ಈ ನಿಧಾನ ಓಟದ ಎಂಜಿನ್ ಗಟ್ಟಿಮುಟ್ಟು, ನಿಜ. ಅದನ್ನು ಕೆಡಿಸುವುದು ಮಳೆನೀರು. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದ್ದರೆ, ಮೇಲ್ಮುಖದ ಹೊಗೆಕೊಳವೆಯಲ್ಲಿ ಬಿದ್ದ ನೀರು ನೇರ ಸಿಲಿಂಡರ್‌ಗೆ ಇಳಿದು ಪಿಸ್ಟನ್ ರಿಂಗುಗಳು ಲೈನರಿಗೆ (ಸಿಲಿಂಡರಿನ ಒಳಗೋಡೆ) ತುಕ್ಕಿನಲ್ಲಿ ಅಂಟುತ್ತವೆ.

ಮೊದಲು ಎಂಜಿನ್ನಿನ ತಳದ ಚೇಂಬರಿನ ಆಯಿಲ್ ಬಸಿಯಿರಿ. ಆಯಿಲಿಗಿಂತ ಮುಂಚೆ ನೀರೇ ಬಂದರೆ ಬೇರಿಂಗುಗಳನ್ನೂ ನೋಡಲೇಬೇಕು. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ, ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಸುರಿದು ಒಂದು ವಾರ ಬಿಡಿ, ಇಳಿದಷ್ಟೂ ಮತ್ತೆ ತುಂಬಿ. ಆಮೇಲೆ ಸಿಲಿಂಡರಿನ ಅಳತೆಗೆ ಕಡೆದ ಗಟ್ಟಿ ಮರದ ತುಂಡಿಟ್ಟು ಮೆಲ್ಲಗೆ ಬಡಿಯಿರಿ. ಪಕ್ಕದ ದೊಡ್ಡ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಸುತ್ತಿಗೆ ಏಟು ಕೊಟ್ಟರೆ ಅದರ ಎರಕದ ಕಬ್ಬಿಣದ ಕಡ್ಡಿ ಸೀಳುತ್ತದೆ. ಅದಕ್ಕೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆಯುವುದಂತೂ ಹುಚ್ಚುತನ. ಬೇರನ್ನು ಗರಗಸದಲ್ಲೇ ಕೊಯ್ಯಿರಿ.

ಪಿಸ್ಟನ್ ಅಲುಗಿತೆಂದು ಹಿಗ್ಗಬೇಡಿ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಕೆಳತುದಿಯ ಪುಟ್ಟ ಚಮಚೆ ಆಯಿಲನ್ನು ಮೊಗೆದು ಎರಚಿದರಷ್ಟೇ ಬೇರಿಂಗಿಗೆ ಜಿಡ್ಡು. ಆ ಚಮಚೆ ತುಕ್ಕು ಹಿಡಿದು ಮುರಿದಿದ್ದರೆ ಓಡಿಸಿದ ಕೆಲ ಹೊತ್ತಿನಲ್ಲೇ ಬೇರಿಂಗ್ ಸುಡುತ್ತದೆ. ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನ ಪ್ಲಂಜರ್ (ಒತ್ತುಕಡ್ಡಿ) ಕಚ್ಚಿಕೊಂಡಿರುವುದೂ ಸಾಮಾನ್ಯ, ಡೀಸೆಲ್ ಸಿಂಪಡಿಸುವ ನಾಜಲ್ ಹೊಸದೇ ಹಾಕಿ. ತಂಪು ಮಾಡುವ ನೀರು ಹರಿಯುವ ವಾಟರ್ ಜಾಕೆಟ್ಟಿನ ಕೆಸರು ತೆಗೆಯದಿದ್ದರೆ ಹೆಡ್ ಬಿಸಿಯಾಗಿ ಬಿರುಕು ಬಿಡುತ್ತದೆ.

ಅಂದಹಾಗೆ, ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಹೊಗೆಕೊಳವೆಯಲ್ಲಿ ಕಣಜ, ಕೆಳಗಿನ ಕಲ್ಲುಕಟ್ಟೆಯ ಸಂದಿಯಲ್ಲಿ ಹಾವು ಇರುವುದುಂಟು.