ನಿಗೂಢ ಏನಿದೆ ಇದರಲ್ಲಿ?

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದ ಪ್ರಾಚೀನ ಹೊಹೋಕಮ್ ಜನ 1450ರ ಹೊತ್ತಿಗೆ ‘ನಿಗೂಢವಾಗಿ ಕಣ್ಮರೆಯಾದರು’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ. ದೊಡ್ಡ ಊರುಗಳು ಖಾಲಿಯಾದವು, ನಿಜ. ಆದರೆ ಅರಿಜೋನಾದ ಓಧಮ್ ಸಮುದಾಯದವರು ಅವರನ್ನು ಇವತ್ತಿಗೂ ತಮ್ಮ ಪೂರ್ವಜರೆಂದೇ ಹೇಳುತ್ತಾರೆ, ಗಿಲಾ ನದಿಯ ಸುತ್ತಮುತ್ತಲೇ ಬೇಸಾಯ ಮಾಡಿಕೊಂಡಿದ್ದಾರೆ. ಅವರನ್ನು ಒಂದು ಮಾತು ಕೇಳದಿದ್ದರೆ ಎಲ್ಲವೂ ನಿಗೂಢವೇ ಬಿಡಿ! ಇನ್ನು ಹೊಹೋಕಮ್ ಜನರ ಕಾಲುವೆಗಳಿಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲು ಸಾಕಾಯಿತೇ? ಎತ್ತಿಲ್ಲ, ಗಾಡಿಯಿಲ್ಲ, ಕಬ್ಬಿಣವಿಲ್ಲ. ಮರದ ಕೋಲು, ಕಲ್ಲಿನ ಸಲಕರಣೆ ಹಿಡಿದು ನೂರಾರು ಮೈಲಿ ತೋಡಿದರು. ಇಳಿಜಾರು ಜಾಸ್ತಿಯಾದರೆ ದಂಡೆ ಕೊರೆಯುತ್ತೆ, ಕಮ್ಮಿಯಾದರೆ ಹೂಳು ತುಂಬುತ್ತೆ. ಆ ಲೆಕ್ಕ ಎಷ್ಟು ಪಕ್ಕಾ ಇತ್ತೆಂದರೆ, 1860ರ ದಶಕದಲ್ಲಿ ಬಂದ ವಲಸಿಗರು ಅದೇ ಹಳೇ ಕಾಲುವೆಗಳ ಜಾಡು ಹಿಡಿದು ಫೀನಿಕ್ಸ್‌ನ ಹೊಲಗಳಿಗೆ ನೀರು ಹರಿಸಿದರು.